ಎಳ್ಳ ಅಮಾವಾಸ್ಯೆ, ಸಂಕ್ರಾಂತಿ, ಜೊತೆಗೆ ಕೊರೊನಾ: ನಮ್ಮ ಆರೈಕೆ ನಾವು ಮಾಡಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು 2021ರ ಡಿಸೆಂಬರ್ ಕೊನೆಗೆ ಬರೆದದ್ದು. ಹೊಲದಲ್ಲಿ ಪೂಜೆ ಮಾಡಿ ಅಲ್ಲೇ ಉಣ್ಣುವ ಎಳ್ಳ ಅಮಾವಾಸ್ಯೆ ಆ ಸಲ 2022ರ ಜನವರಿ 2, ಭಾನುವಾರ ಇತ್ತು. ಅದರ ಬೆನ್ನಿಗೇ ಸಂಕ್ರಾಂತಿ. ಕೊರೊನಾದ ಒಮಿಕ್ರಾನ್ ತಳಿ ದೇಶದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ, 2021ರ ಡಿಸೆಂಬರ್ 2ಕ್ಕೆ. ಡಿಸೆಂಬರ್ 28ರಿಂದ ರಾತ್ರಿ ಕರ್ಫ್ಯೂ ಬೇರೆ ಬಂದಿತ್ತು. ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರ ಮನೆಗೆ ಹೋದರೂ ಆಗ ಎರಡೇ ಮಾತು: ಭಜ್ಜಿಗೆ (ಹಸಿ ಕಾಳು, ಸೊಪ್ಪು ಕೂಡಿಸಿ ಬೇಯಿಸುವ ಪಲ್ಯ) ಏನೇನು ತರಬೇಕು, ಮೂರನೇ ಅಲೆ ಬಂದರೆ ಏನು ಗತಿ. ನೆಂಟರು, ಓಣಿಯವರು, ಗೆಳತಿಯರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ವಿಷಯ ಏನಿದ್ದರೂ ನಿಮ್ಮ ಡಾಕ್ಟರನ್ನೇ ಕೇಳಿ.

ಹಬ್ಬದ ದಿನ ನನ್ನ ಬಗ್ಗೆ ನಾನು ಯೋಚಿಸೋದು ಸ್ವಾರ್ಥ ಅಲ್ವಾ?

ಅಲ್ಲ. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅದೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಉಂಡ ಮೇಲೆ ಉಣ್ಣುವವರು. ಎರಡು ವರ್ಷದಿಂದ ಮನೆಯಲ್ಲಿ ಜ್ವರ ಬಂದವರಿಗೆ ಗಂಜಿ ಕಾಯಿಸಿ ಕೊಟ್ಟವರೂ ಅವರೇ, ಮಕ್ಕಳ ಆನ್‌ಲೈನ್ ಪಾಠಕ್ಕೆ ಫೋನ್ ಹಿಡಿದು ಕೂತವರೂ ಅವರೇ. ಅಂಥವರು ಹಬ್ಬದ ಮರುದಿನ ಹಾಸಿಗೆ ಹಿಡಿದರೆ ಮನೆ ನಡೆಸೋದು ಯಾರು?

ಆರೈಕೆ ಅಂದರೆ ದುಡ್ಡು ಖರ್ಚು ಮಾಡೋದು ಅಂತಲ್ಲ. ಹೊತ್ತಿಗೆ ಸರಿಯಾಗಿ ಊಟ, ಆರೇಳು ತಾಸು ನಿದ್ದೆ, ಬಿಪಿ-ಸಕ್ಕರೆ ಗುಳಿಗೆ ತಪ್ಪಿಸದೇ ಇರೋದು, ಬೇಡ ಅನಿಸಿದ್ದಕ್ಕೆ ಬೇಡ ಅನ್ನೋದು. ಇಷ್ಟು ನಡೆದರೆ ದೊಡ್ಡದು. ಪೂಜೆ ಆಗೋ ತನಕ ಉಪವಾಸ ಇರೋರು ಗುಳಿಗೆಯನ್ನೂ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದವರು ಉಪವಾಸದ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ.

ಈ ಸಲ ಹೊಲಕ್ಕೆ ಹೋಗಬಹುದಾ?

ಹೋಗಬಹುದು. ಬಯಲಿನಲ್ಲಿ ಗಾಳಿ ಆಡುತ್ತದೆ, ಸೋಂಕು ಹರಡೋದು ಮುಚ್ಚಿದ ಕೋಣೆಗಿಂತ ಎಷ್ಟೋ ಕಡಿಮೆ. ಆ ಲೆಕ್ಕದಲ್ಲಿ ನಮ್ಮ ಎಳ್ಳ ಅಮಾವಾಸ್ಯೆ ಈ ಕಾಲಕ್ಕೆ ಹೇಳಿ ಮಾಡಿಸಿದ ಹಬ್ಬ. ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟಿ, ಐದು ಕಲ್ಲು ಇಟ್ಟು ಪಾಂಡವರ ಪೂಜೆ ಮಾಡಿ, ಚರಗ (ಭೂತಾಯಿಗೆ ಕೊಡುವ ಎಡೆ) ಚೆಲ್ಲಿ, ಗಿಡದ ನೆರಳಿಗೆ ಉಣ್ಣೋದು. ಇದರಲ್ಲಿ ಅಪಾಯದ ಕೆಲಸ ಯಾವುದೂ ಇಲ್ಲ.

ಅಪಾಯ ಇರೋದು ಹೋಗುವ ದಾರಿಯಲ್ಲಿ. ಒಂದು ಕ್ರೂಸರ್‌ನಲ್ಲಿ ಕಿಟಕಿ ಮುಚ್ಚಿ ಇಪ್ಪತ್ತು ಮಂದಿ, ಅದರಲ್ಲಿ ಒಬ್ಬರಿಗೆ ಕೆಮ್ಮು. ಚಳಿ ಇದೆ ಅಂತ ಗ್ಲಾಸ್ ಇಳಿಸೋದೂ ಇಲ್ಲ. ಹಾಗಾಗಿ ಗಾಡಿ ಎರಡು ಸುತ್ತು ಹೊಡೆಯಲಿ, ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ. ಮುತ್ಯಾ, ಆಯಿ (ಅಜ್ಜ, ಅಜ್ಜಿ) ಅಂಥವರಿಗೆ ಶಾಲು ಹೊದಿಸಿ, ಬಿಸಿಲು ಏರಿದ ಮೇಲೆ ಕರೆದುಕೊಂಡು ಹೋಗಿ. ಉಣ್ಣುವಾಗ ಮಾಸ್ಕ್ ತೆಗೆಯಲೇಬೇಕು. ಅದಕ್ಕೇ ಒಂದೊಂದು ಮನೆಯವರು ಒಂದೊಂದು ಗಿಡದ ಕೆಳಗೆ ಕೂತರೆ ಒಳ್ಳೆಯದು. ಮಾತು ಅಲ್ಲಿಂದ ಇಲ್ಲಿಗೂ ಕೇಳುತ್ತದೆ. ಗಂಟಲು ನೋವು, ನೆಗಡಿ, ಮೈ ಬಿಸಿ, ಇವುಗಳಲ್ಲಿ ಒಂದಿದ್ದರೂ ಅವರು ಮನೆಯಲ್ಲಿ ಉಳಿಯಬೇಕು. ಅವರ ಪಾಲಿನ ಬುತ್ತಿ ಮನೆಗೆ ಬರಲಿ.

ಮುಂಬೈ, ಪುಣೆ, ಹೈದರಾಬಾದಿನಿಂದ ಮಕ್ಕಳು ಬರ್ತಿದ್ದಾರೆ. ಖುಷಿಯೂ ಇದೆ, ಭಯವೂ ಇದೆ.

ಎರಡೂ ಇರೋದು ಸಹಜ. ನಮ್ಮ ಕಡೆ ದುಡಿಯಲು ಹೊರಗೆ ಹೋದವರಿಲ್ಲದ ಊರೇ ಇಲ್ಲ. 2020ರಲ್ಲಿ ಯುಗಾದಿ ದಿನವೇ, ಮಾರ್ಚ್ 25ಕ್ಕೆ, ದೇಶಕ್ಕೆ ಬೀಗ ಬಿತ್ತು. ಅಂದು ಬರಲಾಗದೆ ಉಳಿದ ಮಕ್ಕಳು, ಆಮೇಲೆ ಬಂದು ಊರ ಹೊರಗಿನ ಶಾಲೆಯಲ್ಲಿ ಕ್ವಾರಂಟೈನ್ ಆದ ಮಕ್ಕಳು, ಇದೆಲ್ಲ ತಾಯಂದಿರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ.

ಬರುವವರಿಗೆ ಹೇಳಬೇಕಾದ್ದು ಸುಲಭ. ಹೊರಡುವ ಮುಂಚಿನ ಒಂದು ವಾರ ಮದುವೆ, ಮಾಲ್, ಗೆಳೆಯರ ಪಾರ್ಟಿ ಬಿಡಲಿ. ಎರಡೂ ಡೋಸ್ ಆಗಿರಲಿ. ಆದರೂ ಡೋಸ್ ಆದವರಿಂದ ಸೋಂಕು ಹರಡೋದೇ ಇಲ್ಲ ಅಂತ ತಿಳಿಯಬಾರದು. ಕೆಮ್ಮು ನೆಗಡಿ ಇದ್ದರೆ ಟೆಸ್ಟ್ ಮಾಡಿಸಲಿ, ಫಲಿತಾಂಶ ಬರುವ ತನಕ ರೈಲು ಹತ್ತೋದು ಬೇಡ. ಬಂದ ಮೇಲೆ ಎರಡು ಮೂರು ದಿನ ಮುತ್ಯಾನ ಕೋಣೆಯಲ್ಲಿ ಮಲಗೋದು ಬೇಡ. ಅಂಗಳದಲ್ಲಿ ಕೂತು ಮಾತಾಡಲಿ. ಬಂದ ಕೂಡಲೇ ಕಾಲಿಗೆ ಬೀಳಬೇಕು, ತಬ್ಬಿಕೊಳ್ಳಬೇಕು ಅನಿಸುತ್ತದೆ. ದೂರದಿಂದಲೇ ಕೈ ಮುಗಿದರೂ ಆಶೀರ್ವಾದ ಸಿಗುತ್ತದೆ.

ಬರೋದಿಲ್ಲ ಅಂತ, ಇಲ್ಲಾಂದ್ರೆ ಬರಬೇಡಿ ಅಂತ ಹೇಗೆ ಹೇಳೋದು? ನೆಂಟಸ್ತಿಕೆ ಕೆಡುತ್ತದಲ್ಲ?

ಕಾರಣ ಹೇಳದೆ ಕೊನೇ ಗಳಿಗೆಯಲ್ಲಿ ಫೋನ್ ಎತ್ತದೇ ಇದ್ದರೆ ಕೆಡುತ್ತದೆ. ನಾಲ್ಕು ದಿನ ಮುಂಚೆ, ವಾಟ್ಸಾಪ್‌ನಲ್ಲಿ ಅಲ್ಲ, ಫೋನ್ ಮಾಡಿ ಬಾಯಿಂದಲೇ ಹೇಳಿದರೆ ಕೆಡೋದು ಕಡಿಮೆ. ಹೀಗೆ ಹೇಳಬಹುದು:

"ಕಾಕಾ, ಈ ಸಲ ಹೊಲಕ್ಕ ನಾವು ಬರಂಗಿಲ್ರಿ. ನಮ್ಮ ಅವ್ವಗ ಸಕ್ಕರಿ ಅದ, ನಿಮಗ ಗೊತ್ತೇ ಅದ. ಸಿಟ್ಟಾಗಬ್ಯಾಡ್ರಿ. ಸಂಕ್ರಾಂತಿ ಆದ ಮ್ಯಾಲ ಅಂಗಳದಾಗ ಕುಂತು ಚಹಾ ಕುಡಿಯೋಣು."

ಮನೆಗೆ ಬರಬೇಡಿ ಅನ್ನೋದು ಇನ್ನೂ ಕಷ್ಟ. ನಮ್ಮಲ್ಲಿ ಹಬ್ಬಕ್ಕೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸೋ ಪದ್ಧತಿ ಇಲ್ಲ. ಅದಕ್ಕೆ ಅವರು ಹೊರಡುವ ಮೊದಲೇ ನೀವು ಬುತ್ತಿ ಕಳಿಸಿಬಿಡಿ. "ವೈನಿ, ನಿಮ್ಮ ಪಾಲಿಂದು ಹೋಳಿಗಿ, ಭಜ್ಜಿ ಹುಡುಗನ ಕೈಯಾಗ ಕಳಸೀನಿ, ಮನ್ಯಾಗ ಬಿಸಿ ಮಾಡಿ ಉಣ್ರಿ" ಅಂದರೆ ಕರೆದ ಹಾಗೂ ಆಯಿತು, ತಡೆದ ಹಾಗೂ ಆಯಿತು. ಬುತ್ತಿ ಬಂದ ಮನೆಯವರು ತಿರುಗಿ ಡಬ್ಬಿ ತುಂಬಿ ಕಳಿಸೋದು ನಮ್ಮ ರೂಢಿ. ಅದೂ ನಡೆಯಲಿ.

ಒಂದಿಬ್ಬರು ಬೇಸರ ಮಾಡಿಕೊಂಡೇ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ ಬಿಡಿ. ಎಲ್ಲರ ಬೇಸರವನ್ನೂ ನೀವೇ ಹೊರಬೇಕಿಲ್ಲ.

ಅಡುಗೆ ಪೂರ್ತಿ ನನ್ನ ಮೇಲೆ. ಹೋದ ವರ್ಷವೇ ಸಾಕಾಗಿತ್ತು. ಈ ಸಲ ಏನು ಮಾಡಲಿ?

ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರ ಬರೆಯುತ್ತೇನೆ, ಯಾಕಂದ್ರೆ ಹಬ್ಬದ ಆಯಾಸದ ಮುಕ್ಕಾಲು ಪಾಲು ಇಲ್ಲೇ ಇದೆ.

ಎಳ್ಳ ಅಮಾವಾಸ್ಯೆಯ ಅಡುಗೆ ಎಷ್ಟು ಅಂತ ಉಣ್ಣುವವರಿಗೆ ಗೊತ್ತಾಗೋದಿಲ್ಲ. ಭಜ್ಜಿ ಒಂದಕ್ಕೇ ಹಸಿ ಕಡಲೆ ಸುಲಿಯಬೇಕು, ತೊಗರಿಕಾಯಿ ಸುಲಿಯಬೇಕು, ಅವರೆ, ಬಟಾಣಿ ಬಿಡಿಸಬೇಕು, ಮೆಂತ್ಯೆ, ಪಾಲಕ ಸೋಸಬೇಕು, ಗಜ್ಜರಿ, ಬದನೆಕಾಯಿ ಹೆಚ್ಚಬೇಕು. ಆಮೇಲೆ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ತಳ ಹತ್ತದ ಹಾಗೆ ತಿರುವುತ್ತಾ ನಿಲ್ಲಬೇಕು. ಅದರ ಜೊತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹಿಂಡಿ (ಚಟ್ನಿಪುಡಿ), ಅನ್ನ, ಮೊಸರು. ಬೀದರ್ ಕಡೆ ಅಂಬಲಿಯೂ ಬೇಕು. ಸಜ್ಜೆ ಹಿಟ್ಟು ಜಿಗುಟು ಕಡಿಮೆ, ಬಿಸಿನೀರಲ್ಲಿ ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಒಂದು ಕೈಯಲ್ಲಿ ಬಡಿಯುತ್ತಾ ಇನ್ನೊಂದು ಕೈಯಲ್ಲಿ ಅಂಚು ಸರಿ ಮಾಡುತ್ತಾ, ಹಂಚಿನ ಮುಂದೆ ಮೂರು ತಾಸು ಕೂತವರ ರಟ್ಟೆಯನ್ನು ಮರುದಿನ ಮುಟ್ಟಿ ನೋಡಿ. ಗೊತ್ತಾಗುತ್ತದೆ.

ಹಾಗಾದರೆ ದಾರಿ ಏನು? ಮೊದಲು, ಮಂದಿ ಕಡಿಮೆ ಮಾಡಿ. ಈ ಸಲ ಕೊರೊನಾ ಇದೆ, ಮೂವತ್ತು ಮಂದಿಗೆ ಅಡುಗೆ ಮಾಡಿ ಅಂತ ಯಾರೂ ಕೇಳುವ ಹಾಗಿಲ್ಲ. ಮನೆಮಂದಿಗೆ ಆಗುವಷ್ಟು ಮಾಡಿ.

ರೊಟ್ಟಿ, ಹಿಂಡಿ ಮುಂಚೆ ಮಾಡಿ ಇಡುವಂಥವು. ಸಜ್ಜೆ ರೊಟ್ಟಿ ಕಟಕಾಗುವ ತನಕ ಒಣಗಿಸಿಟ್ಟರೆ ಹಬ್ಬದ ದಿನ ಆ ಕೆಲಸವೇ ಇರೋದಿಲ್ಲ. ಅದೂ ಆಗೋದಿಲ್ಲ ಅಂದರೆ ಕೊಂಡು ತನ್ನಿ. ಕಲಬುರಗಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಲಾಕ್‌ಡೌನ್‌ನಲ್ಲಿ ಖಾನಾವಳಿ ಮುಚ್ಚಿ ಅವರಿಗೂ ಏಟು ಬಿದ್ದಿದೆ. ನಿಮಗೆ ರಟ್ಟೆ ಉಳಿಯುತ್ತದೆ, ಅವರಿಗೆ ನಾಲ್ಕು ಕಾಸು ಸಿಗುತ್ತದೆ. ಕೊಂಡ ರೊಟ್ಟಿಯನ್ನು ದೇವರು ಬೇಡ ಅನ್ನೋದಿಲ್ಲ.

ಕಾಳು ಸುಲಿಯೋ ಕೆಲಸ ಗಂಡಸರಿಗೂ ಮಕ್ಕಳಿಗೂ ಕೊಡಿ. ಟಿವಿ ಮುಂದೆ ಕೂತವರ ಮುಂದೆ ಬುಟ್ಟಿ ಇಟ್ಟುಬಿಡಿ, ಕೇಳಲು ಹೋಗಬೇಡಿ. ಕೇಳಿದರೆ ಇಲ್ಲ ಅನ್ನಲು ದಾರಿ ಸಿಗುತ್ತದೆ. ಬುಟ್ಟಿ ಮುಂದೆ ಬಂದರೆ ಕೈ ತಾನೇ ಒಳಗೆ ಹೋಗುತ್ತದೆ. ಉಂಡ ಪಾತ್ರೆಯನ್ನು ಉಂಡವರೇ ತೊಳೆಯಲಿ.

ಅತ್ತಿ ಏನಾದರೂ ಅಂದುಕೊಳ್ಳುತ್ತಾರಾ? ಅಂದುಕೊಳ್ಳಬಹುದು. ಆದರೆ ಅವರ ಮಂಡಿ, ಸೊಂಟ ಹೋದದ್ದೂ ಇದೇ ಒಲೆ ಮುಂದೆ. "ಅತ್ತಿ, ಈ ಸಲ ನೀವೂ ಕುಂತು ಉಣ್ಣಬೇಕು, ನಾನೂ ಕುಂತು ಉಣ್ಣಬೇಕು" ಅಂತ ಒಂದು ಮಾತು ಹೇಳಿ ನೋಡಿ.

ಕೋವಿಡ್ ಬಂದು ಹೋಗಿ ತಿಂಗಳುಗಳಾದವು. ಇನ್ನೂ ಸುಸ್ತು. ವಾಸನೆಯೂ ಬರೋದಿಲ್ಲ. ಹಬ್ಬದ ಅಡುಗೆಯೇ ರುಚಿಸೋದಿಲ್ಲ.

ಇದು ನಿಮ್ಮ ನೆವ ಅಲ್ಲ, ಸೋಮಾರಿತನವೂ ಅಲ್ಲ. ಸೋಂಕು ಹೋದ ಮೇಲೂ ಸುಸ್ತು, ಉಸಿರು ಹತ್ತೋದು, ಮರೆವು, ನಿದ್ದೆ ಬಾರದಿರೋದು ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮನೆಯವರು "ಜ್ವರ ಹೋಗಿ ಎಷ್ಟು ದಿನ ಆಯಿತು, ಇನ್ನೂ ಯಾಕೆ ಮಲಗ್ತಿ?" ಅಂತ ಕೇಳಿದರೆ ಈ ಸಾಲುಗಳನ್ನು ಓದಿ ಹೇಳಿ. ಕೆಲಸವನ್ನು ತುಂಡು ತುಂಡು ಮಾಡಿಕೊಳ್ಳಿ. ಇವತ್ತು ಮೈ ಹಗುರ ಅನಿಸಿತು ಅಂತ ಇಡೀ ಮನೆ ಸಾರಿಸಲು ಹೋದರೆ ಮುಂದಿನ ಮೂರು ದಿನ ಏಳಲಾಗೋದಿಲ್ಲ. ಎದೆ ನೋವು, ನಾಲ್ಕು ಹೆಜ್ಜೆಗೇ ಏದುಸಿರು ಇದ್ದರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ವಾಸನೆಗೆ ಒಂದು ಅಭ್ಯಾಸ ಇದೆ. ಘಾಟು ಇರುವ ನಾಲ್ಕು ಪದಾರ್ಥ ಆರಿಸಿಕೊಳ್ಳಿ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಯನ್ನು ಡಾಕ್ಟರುಗಳು ಹೇಳುತ್ತಾರೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಒಂದೊಂದನ್ನೂ ಇಪ್ಪತ್ತು ಸೆಕೆಂಡ್ ಮೂಸಬೇಕು. ಮೂಸುವಾಗ ಆ ವಾಸನೆ ಹಿಂದೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಬೇಕು. ವಾರದಲ್ಲಿ ಗುಣ ಕಾಣೋದಿಲ್ಲ, ತಿಂಗಳುಗಳು ಬೇಕು. ಅಲ್ಲಿಯ ತನಕ ಒಗ್ಗರಣೆ ಸೀದರೆ, ಗ್ಯಾಸ್ ಸೋರಿದರೆ ನಿಮಗೆ ಗೊತ್ತಾಗೋದಿಲ್ಲ. ಅಡುಗೆಮನೆಯಲ್ಲಿ ಇನ್ನೊಬ್ಬರು ಜೊತೆಗಿರಲಿ, ರಾತ್ರಿ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ ಮಲಗಿ.

ಇನ್ನೊಂದು ಮಾತು. ಕೋವಿಡ್ ಆದ ಮೇಲೆ ಕೆಲವರಿಗೆ ಸಕ್ಕರೆ ಏರಿದೆ. ಆಸ್ಪತ್ರೆಯಲ್ಲಿ ಸ್ಟೆರಾಯ್ಡ್ ತಗೊಂಡವರಂತೂ ಹೋಳಿಗೆಗೆ ಕೈ ಹಾಕುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಈ ವರ್ಷ ಮನೆಯಲ್ಲಿ ಒಬ್ಬರು ಹೋದರು. ಹಬ್ಬ ಹೇಗೆ ಮಾಡೋದು?

ಮಾಡಲೇಬೇಕು ಅಂತೇನಿಲ್ಲ. ವರ್ಷ ತುಂಬುವ ತನಕ ಹಬ್ಬ ಮಾಡದೇ ಇರುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಆ ರೂಢಿ ಹಿರಿಯರು ದುಃಖಕ್ಕೆ ಕೊಟ್ಟ ರಜೆ ಅಂತ ನನಗೆ ಅನಿಸುತ್ತದೆ. ತಗೊಳ್ಳಿ. ಮಾಡಬೇಕು ಅನಿಸಿದರೆ ಸಣ್ಣದಾಗಿ ಮಾಡಿ. ಎರಡಕ್ಕೂ ಯಾರೂ ತಪ್ಪು ಅನ್ನಬಾರದು.

2021ರ ಏಪ್ರಿಲ್, ಮೇ ತಿಂಗಳಲ್ಲಿ ಹೋದವರ ಮನೆಗಳಲ್ಲಿ ಇನ್ನೊಂದು ನೋವಿದೆ. ಕೊನೆಗೆ ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ, ಮನೆ ಮುಂದೆ ಒಂದು ಗಳಿಗೆ ಇಡಲಿಲ್ಲ. ನಾಲ್ಕು ಮಂದಿ ಬಂದು ಅತ್ತು ಹೋಗಿದ್ದರೆ ಎದೆ ಹಗುರ ಆಗುತ್ತಿತ್ತು. ಅದೂ ಆಗಲಿಲ್ಲ. ಹಬ್ಬದ ದಿನ ಆ ದುಃಖ ಎದ್ದು ಬರುತ್ತದೆ. ಹೊಲದಲ್ಲಿ ಪ್ರತಿ ವರ್ಷ ಚರಗ ಚೆಲ್ಲುತ್ತಿದ್ದವರು ಅಪ್ಪನೇ ಆಗಿದ್ದರೆ, ಈ ಸಲ ಆ ಬುಟ್ಟಿ ಯಾರು ಹಿಡಿಯಬೇಕು ಅನ್ನೋ ಪ್ರಶ್ನೆಗೇ ಮನೆಯವರೆಲ್ಲ ಸುಮ್ಮನಾಗಿಬಿಡುತ್ತಾರೆ.

ಇದನ್ನು ಹಬ್ಬದ ದಿನಕ್ಕೆ ಬಿಡಬೇಡಿ. ಎರಡು ದಿನ ಮುಂಚೆ ಕೂತು ಮಾತಾಡಿ. ಬುಟ್ಟಿ ಮಗಳು ಹಿಡಿಯಬಹುದು, ಮೊಮ್ಮಗ ಹಿಡಿಯಬಹುದು, ಅವ್ವನೇ ಹಿಡಿಯುತ್ತೇನೆ ಅಂದರೆ ಅವರಿಗೇ ಕೊಡಿ. ಗಂಡ ತೀರಿದ ಹೆಣ್ಣುಮಕ್ಕಳನ್ನು ಪೂಜೆಯಿಂದ ಪಕ್ಕಕ್ಕೆ ಸರಿಸುವ ಕೆಟ್ಟ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಈ ವರ್ಷ ಅಂಥ ತಾಯಂದಿರು ಎಷ್ಟೋ ಮನೆಯಲ್ಲಿದ್ದಾರೆ. ಅವರನ್ನು ಮುಂದೆ ಕೂರಿಸಿ. ತೀರಿಕೊಂಡವರ ಹೆಸರು ಎತ್ತಲು ಹೆದರಬೇಡಿ. ಅವರಿಗೆ ಇಷ್ಟ ಇದ್ದದ್ದನ್ನು ಎಡೆಗೆ ಇಡಿ. ಯಾರಿಗಾದರೂ ಅಳು ಬಂದರೆ "ಹಬ್ಬದ ದಿನ ಅಳಬ್ಯಾಡ" ಅನ್ನಬೇಡಿ, ಪಕ್ಕ ಕೂತುಕೊಳ್ಳಿ.

ದುಡಿಯುವವರೇ ಹೋಗಿದ್ದರೆ ಚಿಂತೆ ಇನ್ನೂ ದೊಡ್ಡದು. ಕೋವಿಡ್‌ನಿಂದ ತೀರಿದವರ ಕುಟುಂಬಕ್ಕೆ 2021ರಲ್ಲಿ 50,000 ರೂಪಾಯಿ ಪರಿಹಾರ ಇತ್ತು. ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ 1 ಲಕ್ಷ ರೂಪಾಯಿ ಘೋಷಿಸಿತ್ತು. ಅರ್ಜಿ ಹಾಕದವರು ಇದ್ದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಓದು ಬಾರದವರಿಗೆ ನೀವೇ ಜೊತೆಗೆ ಹೋಗಿ ಬನ್ನಿ.

ಕೈಯಲ್ಲಿ ಕಾಸಿಲ್ಲ. ಸಾಲ ಮಾಡಿಯಾದರೂ ಮಕ್ಕಳಿಗೆ ಬಟ್ಟೆ ತರಬೇಕಾ?

ಬೇಡ. ತೊಗರಿ ರಾಶಿ ಆಗಿ ದುಡ್ಡು ಕೈಗೆ ಬರುವ ಮುಂಚೆಯೇ ಬಡ್ಡಿ ಹೊರಬೇಡಿ. ಎಳ್ಳ ಅಮಾವಾಸ್ಯೆ ಹೊಲದಲ್ಲಿ ಬೆಳೆದದ್ದನ್ನು ಹೊಲದಲ್ಲೇ ಉಣ್ಣುವ ಹಬ್ಬ, ಹೊಸ ಬಟ್ಟೆ ಇದಕ್ಕೆ ಬೇಕೇ ಬೇಕು ಅಂತಿಲ್ಲ. ಮಕ್ಕಳಿಗೆ ನಿಜ ಹೇಳಿ. ಅವರೂ ಎರಡು ವರ್ಷದಿಂದ ಎಲ್ಲ ನೋಡಿದ್ದಾರೆ.

ಮಕ್ಕಳು ಮಂಕಾಗಿದ್ದಾರೆ. ಮುತ್ಯಾ, ಆಯಿ ಮಾತೇ ಕಡಿಮೆ ಮಾಡಿದ್ದಾರೆ.

ಅವರಿಬ್ಬರನ್ನೂ ಜೊತೆಗೆ ಬಿಡಿ, ಬಿಸಿಲಿಗೆ, ಅಂಗಳದಲ್ಲಿ. ಆಯಿ ಕುಸುರೆಳ್ಳಿನ ಕಥೆ ಹೇಳಲಿ, ಮೊಮ್ಮಗಳು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಹಿರಿಯರಿಗೆ ಕಿವಿ ಮಂದ ಇದ್ದರೆ ಮಾಸ್ಕ್ ಹಾಕಿದವರ ಮಾತು ಅರ್ಥವೇ ಆಗೋದಿಲ್ಲ, ತುಟಿ ಕಾಣೋದಿಲ್ಲ ನೋಡಿ. ಸಿಡುಕು ಅಂತ ನಾವು ತಿಳಿಯೋದು ಎಷ್ಟೋ ಸಲ ಅದೇ ಆಗಿರುತ್ತದೆ. ನಿಧಾನಕ್ಕೆ, ಜೋರಾಗಿ ಮಾತಾಡಿ. 15ರಿಂದ 18 ವರ್ಷದ ಮಕ್ಕಳಿಗೆ 2022ರ ಜನವರಿ 3ರಿಂದ ಲಸಿಕೆ ಶುರುವಾಯಿತು, ಅಂದರೆ ಅಮಾವಾಸ್ಯೆಯ ಮರುದಿನವೇ.

ಹಬ್ಬ ಅಂದರೆ ಮನೆಯಲ್ಲಿ ಕುಡಿತ, ಆಮೇಲೆ ಜಗಳ. ಏನು ಮಾಡಲಿ?

ಲಾಕ್‌ಡೌನ್ ಆದ ಮೇಲೆ ಈ ಮಾತು ಜಾಸ್ತಿ ಕೇಳುತ್ತಿದೆ. ಕುಡಿದವರ ಜೊತೆ ಅಂದೇ ವಾದಕ್ಕೆ ನಿಲ್ಲಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಿ ಮಲಗಲು ಒಂದು ಮನೆ ಮೊದಲೇ ನೋಡಿಟ್ಟುಕೊಳ್ಳಿ, ತವರಾದರೂ ಸರಿ, ಓಣಿಯ ಯಕ್ಕನ ಮನೆಯಾದರೂ ಸರಿ. ಕೈ ಎತ್ತಿದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಹಬ್ಬದ ದಿನ ಮನೆ ಮಾನ ಹೋಗುತ್ತದೆ ಅಂತ ಏಟು ತಿನ್ನಬೇಡಿ.

ಟಿವಿ, ವಾಟ್ಸಾಪ್ ನೋಡಿದರೆ ಎದೆ ಡವಡವ ಅನ್ನುತ್ತದೆ.

ನೋಡಬೇಡಿ. ದಿನಕ್ಕೆ ಒಮ್ಮೆ, ಹಗಲು ಹೊತ್ತಿನಲ್ಲಿ, ನೀವು ನಂಬುವ ಒಂದು ಪತ್ರಿಕೆ ಸಾಕು. ಮಲಗುವ ಮುಂಚೆ ಬೇಡ.

ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಇದಕ್ಕೂ ಡಾಕ್ಟರ್ ಬೇಕಾ?

ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಬೇಕು. ಊಟ ಸೇರದಿರೋದು, ಸುಮ್ಮಸುಮ್ಮನೆ ಅಳು, ಎದೆ ಹಿಡಿದಂತಾಗೋದು, ನಾನಿದ್ದು ಏನು ಪ್ರಯೋಜನ ಅನಿಸೋದು, ಇವೆಲ್ಲ ಕಾಯಿಲೆಯ ಗುರುತುಗಳು, ಚಿಕಿತ್ಸೆ ಇದೆ. "ಹುಚ್ಚರ ಡಾಕ್ಟರ್ ಹತ್ರ ಹೋಗ್ತಾರೆ" ಅನ್ನುವವರ ಬಾಯಿಗೆ ಹೆದರಿ ಎಷ್ಟೋ ಜನ ನರಳುತ್ತಿದ್ದಾರೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಇಲ್ಲವೇ ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಹೋಗಲು ಮುಜುಗರ ಅಂದರೆ ನಿಮ್ಹಾನ್ಸ್ ಸಹಾಯವಾಣಿ 080-46110007 ಇದೆ, ಆರೋಗ್ಯ ಸಹಾಯವಾಣಿ 104 ಇದೆ. ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅಂತ ಯಾರಾದರೂ ಬಾಯಿ ಬಿಟ್ಟು ಹೇಳಿದರೆ ನಾಟಕ ಅನ್ನಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಹೊಲದ ಎಣ್ಣೆ (ಕೀಟನಾಶಕ) ಡಬ್ಬಿಯನ್ನು ಬೇರೆ ಕಡೆ ಸಾಗಿಸಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕರ್ಫ್ಯೂ ಇದೆಯಲ್ಲ, ಹೊಲದಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಆಗ ಕರ್ಫ್ಯೂ ರಾತ್ರಿ 10ರಿಂದ ಬೆಳಗಿನ 5ರ ತನಕ ಇತ್ತು. ಹೊತ್ತು ಮುಳುಗುವ ಮುಂಚೆ ಹೊರಟರೆ ಸಾಕು. ವಯಸ್ಸಾದವರಿಗೆ ಚಳಿಯೂ ತಪ್ಪುತ್ತದೆ.

ಹಬ್ಬ ಆದ ಎರಡು ದಿನಕ್ಕೆ ನನಗೆ ಗಂಟಲು ನೋವು, ಜ್ವರ. ಜೊತೆಗೆ ಉಂಡವರಿಗೆ ಹೇಳಬೇಕಾ?

ಹೇಳಿ, ಅಂದೇ ಹೇಳಿ. ಬೇರೆ ಕೋಣೆಗೆ ಹೋಗಿ, ಟೆಸ್ಟ್ ಮಾಡಿಸಿ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಉಸಿರಿಗೆ ಕಷ್ಟ ಆದರೆ 108ಕ್ಕೆ ಫೋನ್ ಮಾಡಿ. ಕಷಾಯ ಕುಡಿಯಿರಿ ಬೇಕಾದರೆ, ಆದರೆ ಕಷಾಯ ನಂಬಿ ಆಸ್ಪತ್ರೆ ತಡ ಮಾಡಬೇಡಿ.

ಹೇಳಲು ಯಾಕೆ ಹೆದರುತ್ತೇವೆ ಅಂತ ಗೊತ್ತು. ದೇಶದಲ್ಲಿ ಕೊರೊನಾದಿಂದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯವರದು, 2020ರ ಮಾರ್ಚ್‌ನಲ್ಲಿ, 76 ವರ್ಷದ ಹಿರಿಯರು. ಆಗ ಊರ ಹೆಸರು ಹೇಳಲೂ ಹಿಂಜರಿದ ದಿನಗಳಿದ್ದವು. ಸೋಂಕು ಬಂದ ಮನೆಯನ್ನು ತಪ್ಪು ಮಾಡಿದವರ ಮನೆ ಅನ್ನೋ ಹಾಗೆ ನೋಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಅಂಜಿಕೆಯಿಂದಲೇ ಜನ ಮುಚ್ಚಿಟ್ಟರು, ಮುಚ್ಚಿಟ್ಟದ್ದಕ್ಕೆ ಮನೆಯ ಹಿರಿಯರಿಗೆ ತಡವಾಗಿ ತಿಳಿಯಿತು.

ಮನೆಮಂದಿಯ ಗ್ರೂಪಿಗೆ ಹೀಗೆ ಬರೆದು ಕಳಿಸಿ: "ನನಗ ನಿನ್ನೆಯಿಂದ ಜ್ವರ ಅದ. ಟೆಸ್ಟಿಗೆ ಕೊಟ್ಟೀನಿ. ಭಾನುವಾರ ನನ್ನ ಜೋಡಿ ಕುಂತವರು ಮುತ್ಯಾ, ಅತ್ತಿ ಹತ್ರ ನಾಕ ದಿನ ಹೋಗಬ್ಯಾಡ್ರಿ. ಯಾರಿಗರೆ ಕೆಮ್ಮು ಬಂದ್ರ ಕೂಡಲೇ ತೋರಿಸ್ರಿ." ಯಾರಾದರೂ ಬೈದರೆ ಬೈಯಲಿ. ಮುತ್ಯಾನ ಟೆಸ್ಟ್ ಎರಡು ದಿನ ಮುಂಚೆ ಆಗುತ್ತದೆ.